ಪಾತ್ರ ಮತ್ತು ಅಂತಸ್ತು: ಯೆಹೂದ್ಯ ಪರಂಪರೆಯಲ್ಲಿ ಹುಟ್ಟಿನ ಭೇದಗಳು

ಯೆಹೂದ್ಯರಲ್ಲಿರುವ ಹುಟ್ಟಿನ ಭೇದಗಳನ್ನು ವಿವೇಚಿಸುವಾಗ ನಮ್ಮಲ್ಲಿ 'ಜಾತಿ' ಎಂಬ ಪದ ಸುಲಭವಾಗಿ ಒದಗಿಬರುತ್ತದೆ. ಆದರೆ ಈ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಶಾಸ್ತ್ರಸಮ್ಮತವಾದ ವಿಭಾಗಗಳು ಮೂರು: ಆರೋನನ ವಂಶಜರೆನಿಸಿದ ಯಾಜಕರು (ಕೊಹೆನ್), ಲೇವಿಯರು ಮತ್ತು ಉಳಿದ ಇಸ್ರಾಯೇಲರು. ಸಾಂಪ್ರದಾಯಿಕ ನಿಯಮದಂತೆ ಯೆಹೂದ್ಯತ್ವ ತಾಯಿಯಿಂದ ಬಂದರೆ ಈ ಪಾತ್ರಗಳು ತಂದೆಯಿಂದ ಬರುತ್ತವೆ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಲಿಪೂಜೆ ನಿಂತಿತು. ಯಾಜಕನ ಕಸುಬು ಹೋಗಿ ಆಚರಣೆ ಮಾತ್ರ ಉಳಿಯಿತು. ತೋರಾ ಪಠಣಕ್ಕೆ ಮೊದಲ ಕರೆ ಯಾಜಕನಿಗೆ, ಎರಡನೆಯದು ಲೇವಿಯನಿಗೆ. ಯಾಜಕನು ಸಭೆಯನ್ನು ಹರಸುವ ಮುನ್ನ ಲೇವಿಯನು ಅವನ ಕೈಗಳಿಗೆ ನೀರೆರೆಯುತ್ತಾನೆ. ಚೊಚ್ಚಲ ಗಂಡುಮಗುವನ್ನು ಬಿಡಿಸಿಕೊಳ್ಳಲು ಕೊಡುವ 5 ಬೆಳ್ಳಿಯ ನಾಣ್ಯಗಳು ಯಾಜಕನಿಗೆ ಸಲ್ಲುತ್ತವೆ. ಇದಕ್ಕೆ ಪ್ರತಿಯಾಗಿ ನಿರ್ಬಂಧಗಳೂ ಇವೆ: ಅತಿ ಹತ್ತಿರದ ಬಂಧುಗಳ ಹೊರತು ಬೇರೆಯವರ ಶವದ ಬಳಿ ಅವನು ಹೋಗುವಂತಿಲ್ಲ, ವಿಚ್ಛೇದಿತೆಯನ್ನಾಗಲಿ, ಮತಾಂತರಗೊಂಡವಳನ್ನಾಗಲಿ ವರಿಸುವಂತಿಲ್ಲ. ಓದಿಲ್ಲದ ಮಹಾಯಾಜಕನಿಗಿಂತ ನಿಷಿದ್ಧ ಸಂಬಂಧದಲ್ಲಿ ಹುಟ್ಟಿದ ವಿದ್ವಾಂಸನೇ ಮಿಗಿಲೆಂದು ಮಿಷ್ನಾ ಗ್ರಂಥ ವಿಧಿಸುತ್ತದೆ. ಹಾಗೆಂದು ಈ ವ್ಯವಸ್ಥೆ ನಿರ್ದೋಷಿಯೆನ್ನಲಾಗದು. ನಿರ್ಬಂಧ ಯಾಜಕನದಾದರೂ ಅದರ ಕಳಂಕ ವಿಚ್ಛೇದಿತೆಯನ್ನು ತಟ್ಟುತ್ತದೆ. ಯಾಜಕನ ಮಗಳು ಆ ಪಾತ್ರವನ್ನು ತನ್ನ ಮಕ್ಕಳಿಗೆ ದಾಟಿಸಲಾರಳು.

ಕೊಚ್ಚಿಯ ಭೇದ ಇದರಿಂದ ಹುಟ್ಟಿದ್ದಲ್ಲ. ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಲಾದ ಪರದೇಶಿ ಸಿನಗಾಗಿನಲ್ಲಿ 'ಮೆಶುಹ್ರಾರ್', ಅಂದರೆ ಬಿಡುಗಡೆ ಹೊಂದಿದ ದಾಸರ ಸಂತತಿಯವರು, ಬಹುಕಾಲ ಒಳಗಿನ ಪೀಠಗಳಲ್ಲಿ ಕೂರುವಂತಿರಲಿಲ್ಲ. ಅವರಿಗೆ ತೋರಾ ಪಠಣದ ಕರೆ ಇರಲಿಲ್ಲ. 'ಬಿಳಿಯ' ಕುಟುಂಬಗಳೊಂದಿಗೆ ಮದುವೆಯೂ ಇರಲಿಲ್ಲ. ಕ್ರಮಬದ್ಧವಾಗಿ ಬಿಡುಗಡೆಯಾದ ದಾಸನು ಶಾಸ್ತ್ರದ ದೃಷ್ಟಿಯಲ್ಲಿ ಯೆಹೂದ್ಯನೇ. ಕೊಚ್ಚಿಯಿಂದ ಹೋದ ಪ್ರಶ್ನೆಗೆ 16ನೆಯ ಶತಮಾನದಲ್ಲಿ ಕೈರೋದ ಧರ್ಮಶಾಸ್ತ್ರಜ್ಞ ದಾವೀದ್ ಇಬ್ನ್ ಝಿಮ್ರಾ ಕೊಟ್ಟ ತೀರ್ಪೂ ಇವರನ್ನು ಸೇರಿಸಿಕೊಳ್ಳುವುದರ ಪರವಾಗಿತ್ತು. ಆದರೂ ಬಾಗಿಲು ತೆರೆಯಲಿಲ್ಲ. 20ನೆಯ ಶತಮಾನದಲ್ಲಿ ಅದೇ ಸಂತತಿಯ ವಕೀಲ ಎ.ಬಿ. ಸೇಲಂ (1882–1967) ಗಾಂಧೀಮಾರ್ಗದ ಪ್ರತಿಭಟನೆಗೆ ಇಳಿಯಬೇಕಾಯಿತು.

ನೇಥನ್ ಕಾಟ್ಜ್ ಮತ್ತು ಎಲೆನ್ ಗೋಲ್ಡ್‌ಬರ್ಗ್ ತಮ್ಮ 1993ರ ಗ್ರಂಥದಲ್ಲಿ ಈ ಪ್ರತ್ಯೇಕತೆಯನ್ನು ಕೇರಳದ ಜಾತಿಪದ್ಧತಿಯ ಹಿನ್ನೆಲೆಯಲ್ಲಿ ವಿವರಿಸಿದ್ದಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ 'ಪ್ರಭಾವ'ವೆಂಬ ವಿವರಣೆಯೊಂದೇ ಸಾಲದು. ಒಡೆತನದ ನೆನಪೂ ಇಲ್ಲಿ ಕೆಲಸ ಮಾಡಿದೆ. ಶಾಸ್ತ್ರ ತೋರಿದ ದಾರಿಯನ್ನು ಸಮುದಾಯವೇ ತೊರೆದಿದೆ. ಎಲ್ಲವನ್ನೂ ನೆರೆಯ ಜಾತಿಗೆ ಆರೋಪಿಸಿದರೆ ಆ ಆಯ್ಕೆಯ ಹೊಣೆ ಯಾರದೂ ಅಲ್ಲದಂತಾಗುತ್ತದೆ.

ಯಾಜಕನ ಪಾತ್ರಕ್ಕೆ ಗೊತ್ತಾದ ಕೆಲಸವಿದೆ, ಕಟ್ಟುಪಾಡಿದೆ. ಮೆಶುಹ್ರಾರನ ಅಂತಸ್ತಿಗೆ ಇದ್ದುದು ಹೊಸ್ತಿಲಿನಾಚೆಯ ಜಾಗ ಮಾತ್ರ. ಆದ್ದರಿಂದ ಯಾವುದೇ ಸಮುದಾಯದ ಅಧ್ಯಯನದಲ್ಲಿ ಜಾನಪದ ವಿದ್ವಾಂಸನು 'ಇವರು ಯಾರ ಮಕ್ಕಳು?' ಎಂದು ಕೇಳಿ ನಿಲ್ಲದೆ, 'ಇವರನ್ನು ಎಲ್ಲಿ ಕೂರಿಸಿದರು, ಯಾರು ಕೂರಿಸಿದರು?' ಎಂದೂ ಕೇಳಬೇಕಾಗುತ್ತದೆ.