ಕಂಪ್ಯೂಟರ್ ಕೋಣೆಯ ಬೀಗ ಮತ್ತು ಗಣಿತದ ಅಕ್ಕೋರು

ನಮ್ಮ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದು ಎರಡು ದಶಕ ದಾಟಿತು. 2001ರ ಸುಮಾರಿಗೆ ಶುರುವಾದ ‘ಮಾಹಿತಿ ಸಿಂಧು’ವಿನಲ್ಲೂ, ಆಮೇಲೆ ಬಂದ ಕೇಂದ್ರದ ಐಸಿಟಿ ಯೋಜನೆಯಲ್ಲೂ ಕಲಿಸುವ ಹೊಣೆ ಹೊತ್ತವರು ಖಾಸಗಿ ಕಂಪನಿಗಳ ಮೂಲಕ ಬಂದ ಬೋಧಕರು. ಗುತ್ತಿಗೆ ಮುಗಿಯಿತು, ಬೋಧಕರು ಹೋದರು, ಎಷ್ಟೋ ಶಾಲೆಗಳಲ್ಲಿ ಕೋಣೆಗೆ ಬೀಗ ಬಿತ್ತು. ಗಣಿತ, ವಿಜ್ಞಾನ, ಸಮಾಜ ಕಲಿಸುವ ಶಿಕ್ಷಕರಿಗೂ ಆ ಕೋಣೆಗೂ ಸಂಬಂಧವೇ ಇರಲಿಲ್ಲ.

2016–17ರಲ್ಲಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಕೈಗೆತ್ತಿಕೊಂಡ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ, ಅಂದರೆ ಶಿಕ್ಷಕರೆಲ್ಲ ಕರೆಯುವ ‘ಟಾಲ್ಪ್’, ಈ ಸಂಬಂಧವನ್ನು ಕೂಡಿಸಿತು. ಕಂಪ್ಯೂಟರನ್ನು ಬೇರೆ ವಿಷಯವಾಗಿಸದೆ, ವಿಷಯ ಶಿಕ್ಷಕರಿಗೇ ತರಬೇತಿ ಕೊಡುವ ತೀರ್ಮಾನ ಅದರದು. ಶಾಲಾ ತಂತ್ರಜ್ಞಾನದ ಬಗ್ಗೆ ಈ ರಾಜ್ಯ ತೆಗೆದುಕೊಂಡ ಅತ್ಯಂತ ಸರಿಯಾದ ತೀರ್ಮಾನ ಇದೇ ಎಂದು ನಾನು ನಂಬುತ್ತೇನೆ. ಬೆಣ್ಣಿಹಳ್ಳ ತುಂಬಿದರೆ ದಾರಿ ಬಂದಾಗುವ ಧಾರವಾಡ ಜಿಲ್ಲೆಯ ನವಲಗುಂದದ ಎರೆ ಸೀಮೆಗೆ ಅದರ ಬೆಲೆ ಇನ್ನೂ ಹೆಚ್ಚು. ಮೊರಬದಲ್ಲೋ ಶಲವಡಿಯಲ್ಲೋ ಕಲಿಯುವ ಮಕ್ಕಳಿಗೆ ಹುಬ್ಬಳ್ಳಿಯ ಕೋಚಿಂಗ್ ಕ್ಲಾಸು ದೂರ. ಅವರಿಗೆ ಇರುವವರು ಅವರ ಅಕ್ಕೋರು, ಅವರ ಸರ್.

ತರಬೇತಿಯಲ್ಲಿ ಕಲಿಸಿದ್ದು ಕ್ಲಾಸಿನಲ್ಲಿ ಹೇಗೆ ಕೌಶಲವಾಗುತ್ತದೆ? ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೃತ್ತದ ಪಾಠವನ್ನೇ ತೆಗೆದುಕೊಳ್ಳಿ. ಕಂಸವೊಂದು ಕೇಂದ್ರದಲ್ಲಿ ಉಂಟುಮಾಡುವ ಕೋನ 100 ಡಿಗ್ರಿ ಇದ್ದರೆ, ಪರಿಧಿಯ ಮೇಲೆ ಉಂಟುಮಾಡುವುದು 50. ಪರಿಧಿಯ ಮೇಲಿನ ಬಿಂದುವನ್ನು ಮೌಸಿನಿಂದ ಎಳೆದಾಡಿದರೂ ಆ 50 ಕದಲುವುದಿಲ್ಲ. ಕರಿಹಲಗೆಯ ಮೇಲೆ ಹತ್ತು ಚಿತ್ರ ಬರೆದರೂ ಬಾರದ ನಂಬಿಕೆ ಇಲ್ಲಿ ಅರೆ ನಿಮಿಷದಲ್ಲಿ ಬರುತ್ತದೆ. ಇಷ್ಟನ್ನು ತರಬೇತಿ ಪಡೆದ ಯಾರಾದರೂ ತೋರಿಸಬಲ್ಲರು. ಆದರೆ ಬಿಂದು ಎಳೆಯುತ್ತಾ ಎಳೆಯುತ್ತಾ ಆ ಸಣ್ಣ ಕಂಸದ ಮೇಲೆಯೇ ಬಂತು ಅನ್ನಿ, 50 ಇದ್ದದ್ದು ಥಟ್ಟನೆ 130 ಆಗುತ್ತದೆ. “ಅಕ್ಕೋರ, ನಿಯಮ ತಪ್ಪಿತಲ್ರೀ?” ಎಂದು ಹುಡುಗಿಯೊಬ್ಬಳು ಕೇಳಿದರೆ ಪಾಠದ ನಿಜವಾದ ಗಳಿಗೆ ಅದು. ಕೈಯನ್ನು ಅಲ್ಲಿಯೇ ನಿಲ್ಲಿಸಿ, ಕೇಂದ್ರದ ಆಚೆ ಬದಿಯ 260 ಡಿಗ್ರಿಯ ಕಡೆ ಮಕ್ಕಳ ಕಣ್ಣು ತಿರುಗಿಸಿ, ಅದರ ಅರ್ಧ ಎಷ್ಟೆಂದು ಅವರಿಂದಲೇ ಹೇಳಿಸುವುದು ಶಿಕ್ಷಕಿಯ ಕೌಶಲ. ತಂತ್ರಾಂಶ ಆ 130ನ್ನು ತೋರಿಸೀತು, ಪ್ರಶ್ನೆಯನ್ನು ಎದುರಿಸುವುದು ಆಕೆಯೇ. ಮಿಶಿಗನ್‌ನ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದರು: ವಿಷಯದ ಅರಿವು, ಕಲಿಸುವ ಅರಿವು, ಉಪಕರಣದ ಅರಿವು ಈ ಮೂರೂ ಕೂಡುವಲ್ಲಿ ತಂತ್ರಜ್ಞಾನ ಬಳಸಿ ಕಲಿಸುವ ಶಿಕ್ಷಕರ ಜ್ಞಾನ ಹುಟ್ಟುತ್ತದೆ.

ಇನ್ನೊಂದು ಮಾತು. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅದರ ಪಗಡೆ ಹಾಸಿನ ವಿನ್ಯಾಸವನ್ನು 90 ಡಿಗ್ರಿ ತಿರುಗಿಸಿದರೂ ಆಕಾರ ಹಾಗೆಯೇ ಕೂಡುತ್ತದೆ. ಸಮಮಿತಿ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಈ ಊರಿನ ಮಕ್ಕಳಿಗೆ ಯಾವುದಿದೆ? ದೆಹಲಿಯಲ್ಲೋ ಬೆಂಗಳೂರಿನಲ್ಲೋ ತಯಾರಾಗುವ ವಿಡಿಯೊ ಇದನ್ನು ಹುಡುಕಿಕೊಂಡು ಬರುವುದಿಲ್ಲ. ಮಗ್ಗದ ಮುಂದೆ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದು, ಜಿಯೋಜೀಬ್ರಾದೊಳಗೆ ಇಟ್ಟು, ಅದರ ಮೇಲೆ ಅಕ್ಷ ಎಳೆಯಲು ಇಲ್ಲಿಯ ಶಿಕ್ಷಕರಿಗೆ ಮಾತ್ರ ಸಾಧ್ಯ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇಲಾಖೆಯ ಜೊತೆಗೂಡಿ ಕಟ್ಟಿದ ವಿಷಯ ಶಿಕ್ಷಕರ ವೇದಿಕೆಯೂ, ಶಿಕ್ಷಕರೇ ಕನ್ನಡದಲ್ಲಿ ಬರೆದು ತಿದ್ದಬಹುದಾದ ಮುಕ್ತ ಸಂಪನ್ಮೂಲ ತಾಣವೂ ಹಿಡಿದದ್ದು ಇದೇ ದಾರಿಯನ್ನು. ಶಿಕ್ಷಕರು ಪಾಠವನ್ನು ತಾವೇ ಕಟ್ಟಬಲ್ಲರು ಎಂಬ ಗೌರವ ಅದರಲ್ಲಿತ್ತು.

ಆ ಗೌರವ ಮುಂದೆ ಸವೆಯಿತು. 2017ರಲ್ಲಿ ಕಲಿಕಾ ಸಾಮಗ್ರಿಯ ರಾಷ್ಟ್ರೀಯ ಆನ್‌ಲೈನ್ ವೇದಿಕೆ ‘ದೀಕ್ಷಾ’ ಬಂತು, ಪಠ್ಯಪುಸ್ತಕಗಳ ಮೇಲೆ ಕ್ಯೂಆರ್ ಕೋಡ್ ಅಚ್ಚಾಯಿತು. ಬೇರೆಯವರು ಮಾಡಿದ್ದನ್ನು ತೋರಿಸುವುದೇ ತಂತ್ರಜ್ಞಾನ ಎಂಬ ಭಾವನೆ ಬಲಿಯಿತು. 2019ರಲ್ಲಿ ಮುಖಾಮುಖಿಯಾಗಿ ಶುರುವಾದ, ಶಿಕ್ಷಕರಿಗಾಗಿನ ಕೇಂದ್ರದ ‘ನಿಷ್ಠಾ’ ತರಬೇತಿ, ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಿಂದ ಆನ್‌ಲೈನ್ ಆಯಿತು. ಪ್ರಾಥಮಿಕ ಹಂತದ ಶಿಕ್ಷಕರಿಗೆ 18 ಮಾಡ್ಯೂಲ್. ಎಷ್ಟು ಜನ ಮುಗಿಸಿದರು, ಎಷ್ಟು ಪ್ರಮಾಣಪತ್ರ ಇಳಿದವು ಎಂಬ ಲೆಕ್ಕ ಸಿಗುತ್ತದೆ. ಒಬ್ಬರ ಪಾಠವಾದರೂ ಬದಲಾಯಿತೇ ಎಂಬುದಕ್ಕೆ ಆ ಲೆಕ್ಕದಲ್ಲಿ ಕಾಲಮ್ ಇಲ್ಲ. ಟಾಲ್ಪ್‌ನ ದೊಡ್ಡ ಕೊರತೆಯೂ ಇಲ್ಲಿಯೇ. ಧಾರವಾಡದ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಉತ್ಸಾಹದಿಂದ ಕಲಿತ ಶಿಕ್ಷಕಿ ತನ್ನ ಶಾಲೆಗೆ ಮರಳಿದ ಮೇಲೆ ಒಂಟಿ. ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ. ಅವನ್ನಾದರೂ ದುಡ್ಡಿನಿಂದ ಸರಿಪಡಿಸಬಹುದು. ಆಕೆಯ ಪಾಠವನ್ನು ಕೂತು ನೋಡಿ, “ಆ ಪ್ರಶ್ನೆಗೆ ಇನ್ನೂ ಸ್ವಲ್ಪ ಕಾಯಬೇಕಿತ್ತು” ಎಂದು ಹೇಳುವ ಜೊತೆಗಾರರಿಲ್ಲ. ಕಲಿತ ಟೈಪಿಂಗು, ಕಲಿತ ಸ್ಪ್ರೆಡ್‌ಶೀಟು ಬಳಕೆಯಾಗುವುದು ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್ ಭರ್ತಿಗೆ, ಬಿಸಿಯೂಟದ ಲೆಕ್ಕಕ್ಕೆ, ಸಂಜೆಯೊಳಗೆ ಕಳಿಸಬೇಕಾದ ಮಾಹಿತಿಗೆ. ಶಿಕ್ಷಕರ ಡಿಜಿಟಲ್ ಕೌಶಲವನ್ನು ಗುಮಾಸ್ತಿಕೆಗೆ ಹಚ್ಚುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ, ಶಿಕ್ಷಣದಲ್ಲಿ ತಂತ್ರಜ್ಞಾನವೆಂಬ ಉಪಕರಣ ಯಾರ ಷರತ್ತಿನ ಮೇಲೆ ನಡೆಯಬೇಕು ಎಂದು ಕೇಳಿತ್ತು. ನವಲಗುಂದದ ಮಟ್ಟಿಗೆ ನನ್ನ ಉತ್ತರ ಸ್ಪಷ್ಟ: ಪಾಠ ಮಾಡುವವರ ಷರತ್ತಿನ ಮೇಲೆ. ಅದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಆ್ಯಪ್ ಅಂತೂ ಖಂಡಿತ ಬೇಕಿಲ್ಲ. ತಾಲ್ಲೂಕಿನ ಗಣಿತ ಶಿಕ್ಷಕರನ್ನು ತಿಂಗಳಿಗೊಂದು ದಿನ ಒಂದೆಡೆ ಕೂಡಿಸಿ. ಅವತ್ತು ಸುತ್ತೋಲೆ ಓದುವುದು ಬೇಡ, ಅಂಕಿಅಂಶ ಕೇಳುವುದು ಬೇಡ. ಒಬ್ಬರು ತಾವು ಮಾಡಿದ ಒಂದು ಪಾಠ ತೋರಿಸಲಿ, ಉಳಿದವರು ಅದರ ಬಗ್ಗೆ ಬಿಚ್ಚುಮನಸ್ಸಿನಿಂದ ಮಾತಾಡಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಈ ಒಂದು ದಿನವನ್ನು ಶಿಕ್ಷಕರಿಗೆ ಬಿಟ್ಟುಕೊಡಬೇಕು ಎಂದು ಕಳಕಳಿಯಿಂದ ಕೇಳುತ್ತೇನೆ.