ಆಯ್ದಕ್ಕಿ ಲಕ್ಕಮ್ಮನ ಸಂವಾದಕಲೆ

ಮಾತಿನಿಂದ ಒಬ್ಬನನ್ನು ಸೋಲಿಸುವುದು ಬೇರೆ, ಒಲಿಸುವುದು ಬೇರೆ. ನಮ್ಮ ತರ್ಕಶಾಸ್ತ್ರಕಾರರು ಈ ಭೇದವನ್ನು ಬಹು ಹಿಂದೆಯೇ ಕಂಡಿದ್ದರು. ನ್ಯಾಯದರ್ಶನವು ಚರ್ಚೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಗೆಲವಿಗಾಗಿ ನಡೆಯುವುದು ಜಲ್ಪ; ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಹುವುದಷ್ಟೇ ವಿತಂಡೆ. ಈ ಲಕ್ಷಣಗಳು ವಿದ್ವತ್ಸಭೆಗೆ ಹೊಂದುತ್ತವೆ. ಅಡುಗೆಮನೆಯ ಬಾಗಿಲಲ್ಲಿ, ಹೊಲದ ಬದುವಿನಲ್ಲಿ, ಗಂಡ ಹೆಂಡಿರ ನಡುವೆ, ಅಣ್ಣತಮ್ಮಂದಿರ ನಡುವೆ ದಿನವೂ ನಡೆಯುವ ವಾದಕ್ಕೆ ಲಕ್ಷಣವನ್ನು ಎಲ್ಲಿ ಹುಡುಕೋಣ? ಅಲ್ಲಿ ಮಧ್ಯಸ್ಥರಿಲ್ಲ, ಜಯಪತ್ರವಿಲ್ಲ. ವಾದ ಮುಗಿದ ಮೇಲೂ ಇಬ್ಬರೂ ಅದೇ ಸೂರಿನಡಿ ಉಣ್ಣಬೇಕು. ಇಂಥ ವಾದದ ಒಂದು ಪರಿಪಕ್ವ ಮಾದರಿಯನ್ನು ಶೂನ್ಯಸಂಪಾದನೆಯ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮರ ಪ್ರಸಂಗದಲ್ಲಿ ಕಾಣಬಹುದೆಂಬುದು ಈ ಲೇಖನದ ಅಭಿಪ್ರಾಯ.

ಶೂನ್ಯಸಂಪಾದನೆಯು ಸಂವಾದಗಳ ಗ್ರಂಥವೆಂಬುದು ವಾಚಕರಿಗೆ ತಿಳಿದ ಸಂಗತಿ. ಹನ್ನೆರಡನೆಯ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಮುಂದಿನ ಶತಮಾನಗಳ ಸಂಪಾದನಾಕಾರರು ಪ್ರಶ್ನೆ ಉತ್ತರಗಳ ಸರಣಿಯಲ್ಲಿ ಪೋಣಿಸಿ, ನಡುನಡುವೆ ತಮ್ಮ ಗದ್ಯವನ್ನು ಸೇರಿಸಿ, ಅದನ್ನು ಕಟ್ಟಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲಿಗರು; ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣಾರ್ಯರು ಅದನ್ನು ಪರಿಷ್ಕರಿಸಿ ಬೆಳೆಸಿದರು. ಫ. ಗು. ಹಳಕಟ್ಟಿಯವರು 1930ರಲ್ಲಿಯೂ ಸಂ. ಶಿ. ಭೂಸನೂರಮಠರು 1958ರಲ್ಲಿಯೂ ಅದನ್ನು ಅಚ್ಚಿನಲ್ಲಿ ತಂದ ಬಳಿಕ ಅದು ಸಾಮಾನ್ಯ ಓದುಗನ ಕೈಗೂ ಎಟುಕಿತು. ಅಲ್ಲಮಪ್ರಭುವೇ ಈ ಗ್ರಂಥದ ನಾಯಕ. ಆದರೂ ಅಕ್ಕಿ ಆಯುವ ಬಡದಂಪತಿಗಳ ಪ್ರಸಂಗವು ಬಂದಾಗ ಆ ಮಹಾಜ್ಞಾನಿಯೂ ಕ್ಷಣಕಾಲ ಪಕ್ಕಕ್ಕೆ ಸರಿದು ನಿಂತಂತೆ ತೋರುತ್ತದೆ.

ಕಥೆ ಸರಳವಾದುದು. ಮಾರಯ್ಯ ಲಕ್ಕಮ್ಮರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಕಾಯಕದ ಮಹಿಮೆಯನ್ನು ಕುರಿತ ಗೋಷ್ಠಿಯಲ್ಲಿ ಮೈಮರೆತು ಕುಳಿತನು. ಆಯುವ ಹೊತ್ತು ಮೀರಿತು. ಲಕ್ಕಮ್ಮ ಬಂದು ಎಚ್ಚರಿಸಿದಳು. ಆತನು ಧಾವಿಸಿ ಹೋಗಿ, ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಅದನ್ನು ನೋಡಿದ ಲಕ್ಕಮ್ಮ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆತನು ಹಾಗೆಯೇ ಮಾಡಿದನು. ಇಷ್ಟೇ ಕಥೆ. ಆದರೆ ದಣಿದು ಬಂದ ಗಂಡನನ್ನು, ಮನೆಯಲ್ಲಿ ಬಡತನವಿರುವಾಗ, ಕೈಗೆ ಬಂದ ಅಕ್ಕಿಯನ್ನು ಹಿಂದಕ್ಕೆ ಕೊಂಡೊಯ್ಯುವಂತೆ ಒಪ್ಪಿಸುವುದು ಎಂಥ ಕಠಿನ ಕಾರ್ಯವೆಂಬುದನ್ನು ಸಂಸಾರಿಗಳು ಬಲ್ಲರು. ಅದನ್ನು ಲಕ್ಕಮ್ಮ ಹೇಗೆ ಸಾಧಿಸಿದಳು?

ಮೊದಲನೆಯ ಮಾತನ್ನು ನೋಡೋಣ. ಮಾರಯ್ಯನು ಗೋಷ್ಠಿಯಲ್ಲಿ ಪ್ರತಿಪಾದಿಸುತ್ತಿದ್ದ ತತ್ತ್ವವೇನು? ಕಾಯಕದಲ್ಲಿ ತೊಡಗಿರುವಾಗ ಗುರುವಿನ ದರ್ಶನವೂ ಲಿಂಗದ ಪೂಜೆಯೂ ಜಂಗಮದ ಇದಿರೂ ಹಿಂದೆ ನಿಲ್ಲಬೇಕೆಂಬುದು. ಈ ತತ್ತ್ವವನ್ನು ವಿವರಿಸುತ್ತ ಕುಳಿತುದರಿಂದಲೇ ಆತನ ಕಾಯಕ ತಪ್ಪಿತು! ಈ ವಿಪರ್ಯಾಸವನ್ನು ಲಕ್ಕಮ್ಮ ಬಳಸಿಕೊಳ್ಳುವ ರೀತಿ ಗಮನಾರ್ಹವಾದುದು. ಆಕೆ ಹೊಸ ಪ್ರಮಾಣವನ್ನು ತರಲಿಲ್ಲ, ಶಾಸ್ತ್ರವನ್ನು ಎತ್ತಲಿಲ್ಲ, ಗಂಡನ ಮಾತಿಗೂ ನಡೆಗೂ ಇರುವ ಅಂತರವನ್ನು ಸಭೆಯ ಮುಂದೆ ಬಿಡಿಸಿ ತೋರಿಸಲಿಲ್ಲ. ಕಾಯಕ ನಿಂತಿದೆ ಎಂಬ ವಾಸ್ತವವನ್ನಷ್ಟೇ ಆತನ ಮುಂದಿರಿಸಿದಳು. ಆತನೇ ಒಪ್ಪಿದ ತತ್ತ್ವದ ಪಕ್ಕದಲ್ಲಿ ಆ ಒಂದು ಸಂಗತಿ ಬಂದು ನಿಂತಾಗ ತೀರ್ಮಾನವು ತಾನಾಗಿ ಹುಟ್ಟಿತು. ತೀರ್ಮಾನವನ್ನು ತಾನು ಹೇಳದೆ ಕೇಳುಗನಿಗೇ ಬಿಟ್ಟುಕೊಡುವುದು ಒಪ್ಪಿಸುವ ಕಲೆಯ ಮೊದಲ ಮರ್ಮ. ತಾನೇ ಕಂಡುಕೊಂಡ ತೀರ್ಮಾನದೊಡನೆ ಯಾರೂ ಜಗಳವಾಡುವುದಿಲ್ಲ.

ಇನ್ನೊಂದು ಅಂಶವೂ ಉಂಟು. ಆಕೆ ಗಂಡನನ್ನು ಒಡೆಯನೆಂದೇ ಸಂಬೋಧಿಸುತ್ತಾಳೆ. ಅದೇ ಉಸಿರಿನಲ್ಲಿ ಹೋಗೆಂದು ಆಜ್ಞಾಪಿಸುತ್ತಾಳೆ. ಸಂಬೋಧನೆಯಲ್ಲಿ ವಿನಯ, ಕ್ರಿಯಾಪದದಲ್ಲಿ ದಾರ್ಢ್ಯ. ಸಂಬೋಧನೆಯು ಬಾಗಿದುದರಿಂದ ಕ್ರಿಯಾಪದವು ಬಾಗಬೇಕಾಗಲಿಲ್ಲ.

ಎರಡನೆಯ ಸಂದರ್ಭ ಇನ್ನೂ ಸೂಕ್ಷ್ಮವಾದುದು. ಅಕ್ಕಿ ಹೆಚ್ಚಾಗಿದೆ, ಅದನ್ನು ತಂದವನು ಎದುರಿಗಿದ್ದಾನೆ. ಸಾಮಾನ್ಯರಾದ ನಾವು ಇಂಥಲ್ಲಿ ಆರೋಪದಿಂದ ತೊಡಗುತ್ತೇವೆ. ಲಕ್ಕಮ್ಮ ಪ್ರಶ್ನೆಯಿಂದ ತೊಡಗುತ್ತಾಳೆ. ಆ ಪ್ರಶ್ನೆಗೆ ಎರಡು ಕವಲುಗಳಿವೆ. ಇದು ನಿಮ್ಮ ಮನಸ್ಸಿನ ಕೆಲಸವೋ, ಅಥವಾ ನಮ್ಮನ್ನು ಶಂಕಿಸಿದ ಬಸವಣ್ಣನ ಚಿತ್ತದ ಕೆಲಸವೋ ಎಂಬುದು ಆಕೆಯ ಪ್ರಶ್ನೆಯ ತಾತ್ಪರ್ಯ. ಬಸವಣ್ಣನೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿರಬಹುದೆಂಬ ಸಾಧ್ಯತೆಯನ್ನು ಆಕೆ ತೆರೆದಿಡುತ್ತಾಳೆ. ಗಂಡನಿಗೆ ಇದರಿಂದ ತಲೆಯೆತ್ತಿ ನಿಲ್ಲಲು ಒಂದು ಎಡೆ ದೊರೆಯಿತು. ಆದರೆ ಎರಡು ಕವಲುಗಳಲ್ಲಿ ಯಾವುದನ್ನು ಹಿಡಿದರೂ ಸೇರುವ ಊರು ಒಂದೇ: ಅಕ್ಕಿ ಹಿಂದಿರುಗಬೇಕು. ತಪ್ಪು ತನ್ನ ಮನಸ್ಸಿನದಾದರೆ ಅದು ಆಸೆ. ಬಸವಣ್ಣನ ಪರೀಕ್ಷೆಯಾದರೆ ಅದಕ್ಕೆ ಉತ್ತರ ನಿರಾಸಕ್ತಿಯೇ. ತರ್ಕದಲ್ಲಿ ಇದು ಎದುರಾಳಿಯನ್ನು ಇಕ್ಕಟ್ಟಿಗೆ ಸಿಲುಕಿಸುವ ತಂತ್ರ. ಲಕ್ಕಮ್ಮನ ಬಾಯಲ್ಲಿ ಅದು ಇಕ್ಕಟ್ಟಿನಿಂದ ಬಿಡಿಸುವ ತಂತ್ರವಾಗಿದೆ.

ಈ ವಚನದಲ್ಲಿ ಬರುವ ‘ಒಮ್ಮನ’ ಎಂಬ ಪದವು ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಒಂದೇ ಮನಸ್ಸು, ಏಕನಿಷ್ಠೆ ಎಂಬುದು ಅದರ ಅರ್ಥ. ಅದಕ್ಕೆ ಎದುರಾದುದು ಇಮ್ಮನ. ಆದರೆ ಧಾನ್ಯವನ್ನು ಅಳೆಯುವ ‘ಮಾನ’ವೂ ಕನ್ನಡದಲ್ಲಿದೆ, ಒಂದು ಮಾನಕ್ಕೆ ಒಮ್ಮಾನ ಎನ್ನುತ್ತಾರೆ. ಅಕ್ಕಿಯ ಮುಂದೆ ನಿಂತು ಆಡಿದ ಮಾತಿನಲ್ಲಿ ಈ ಎರಡನೆಯ ಧ್ವನಿಯೂ ಕಿವಿಗೆ ಬೀಳುತ್ತದೆಂದು ನನಗೆ ತೋರುತ್ತದೆ. ಮನಸ್ಸು ಎರಡಾದಾಗಲೇ ಅಕ್ಕಿಯ ಅಳತೆಯೂ ಎರಡಾಯಿತು. ಹೀಗೆ ಆಕೆ ತತ್ತ್ವವನ್ನು ಆಕಾಶದಿಂದ ಇಳಿಸದೆ ಮೊರದಲ್ಲಿದ್ದ ಅಕ್ಕಿಯಿಂದಲೇ ಎತ್ತಿಕೊಂಡಳು. ದೃಷ್ಟಾಂತವು ಕೇಳುವವನ ಕೈಯಲ್ಲಿಯೇ ಇದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಅನಂತರವಷ್ಟೇ ಆಸೆಯೆಂಬುದು ಅರಸರಿಗೆ ಸಲ್ಲುವ ಗುಣ, ಭಕ್ತರಿಗಲ್ಲ ಎಂಬ ಸಾಮಾನ್ಯ ತತ್ತ್ವಕ್ಕೆ ಆಕೆ ಕೈಯಿಕ್ಕುತ್ತಾಳೆ. ಇಲ್ಲಿಯೂ ಗಂಡನನ್ನು ಆಸೆಬುರುಕನೆಂದು ಹಳಿಯುವುದಿಲ್ಲ. ನೀವು ಭಕ್ತರ ಸಾಲಿನವರೆಂದು ಮೊದಲೇ ಎಣಿಸಿಕೊಂಡು, ಆ ಸಾಲಿಗೆ ಈ ಅಕ್ಕಿ ಒಪ್ಪದೆನ್ನುತ್ತಾಳೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇವೆಲ್ಲ ಪತಿವ್ರತಾಧರ್ಮದ ನಿದರ್ಶನಗಳು. ಇಲ್ಲಿ ವಾದಕಲೆಯನ್ನು ಹುಡುಕುವುದು ಸಲ್ಲದು ಎಂಬುದು ಒಂದು. ಲಕ್ಕಮ್ಮನನ್ನು ಆದರ್ಶ ಗೃಹಿಣಿಯೆಂದು ಹೊಗಳಿ ಮುಗಿಸುವ ವಾಡಿಕೆ ನಮ್ಮ ಉಪನ್ಯಾಸಗಳಲ್ಲಿ ಹಳೆಯದು. ಈ ಹೊಗಳಿಕೆಯು ಆಕೆಗೆ ಅನ್ಯಾಯವನ್ನೇ ಮಾಡುತ್ತದೆ. ಗಂಡನ ಇಷ್ಟವನ್ನು ಅನುಸರಿಸುವುದಷ್ಟೇ ಧರ್ಮವಾಗಿದ್ದರೆ ಆಕೆ ಅಕ್ಕಿಯನ್ನು ಬೇಯಿಸಿಬಿಡುತ್ತಿದ್ದಳು. ಆಕೆ ಕಾರಣಗಳನ್ನು ಕೊಟ್ಟಳು. ಆತನು ಕಾರಣಗಳನ್ನು ತೂಗಿ ಒಪ್ಪಿದನು. ಮುಂದೆ ಮಾರಯ್ಯನು ಆಕೆಯಿಂದ ಬೋಧೆಯನ್ನು ಬಯಸುವುದೂ ಈ ಪ್ರಸಂಗದಲ್ಲಿಯೇ ಬರುತ್ತದೆಂಬುದನ್ನು ಮರೆಯಬಾರದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಈ ವಚನಗಳ ಕ್ರಮವು ಸಂಪಾದನಾಕಾರರದು. ಆದುದರಿಂದ ವಾದಸರಣಿಯೂ ಅವರದೇ ಹೊರತು ಲಕ್ಕಮ್ಮನದಲ್ಲ ಎಂದು ಪಠ್ಯವಿಮರ್ಶಕರು ಹೇಳಬಹುದು. ಪ್ರಸಂಗದ ಜೋಡಣೆಯ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಆದರೆ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಬೆಳಕು ಕಂಡ ಸಮಗ್ರ ವಚನ ಸಂಪುಟವನ್ನು ತೆರೆದು, ಸಂವಾದದ ಚೌಕಟ್ಟಿನಿಂದ ಹೊರಗೆ ಲಕ್ಕಮ್ಮನ ವಚನಗಳನ್ನು ಬಿಡಿಬಿಡಿಯಾಗಿ ಓದಿದರೂ, ಅವುಗಳೊಳಗೆ ಎದುರಿಗೊಬ್ಬ ಕೇಳುಗನಿದ್ದೇ ಇರುತ್ತಾನೆ. ಆಕೆಯ ಅಂಕಿತದಲ್ಲಿಯೇ ಮಾರಯ್ಯನ ಹೆಸರು ಸೇರಿಕೊಂಡಿದೆ. ಕವಲೊಡೆದ ಪ್ರಶ್ನೆಯೂ ಬಿಡಿವಚನದೊಳಗೇ ಇದೆ. ಸಂಪಾದನಾಕಾರರು ಇಲ್ಲದ ಸಂವಾದವನ್ನು ಹುಟ್ಟಿಸಲಿಲ್ಲ. ವಚನದ ಒಡಲಲ್ಲಿದ್ದ ಸಂವಾದಕ್ಕೆ ರಂಗಸ್ಥಳವನ್ನು ಒದಗಿಸಿದರು.

ಈ ಕಲೆಗೂ ಒಂದು ಮಿತಿಯುಂಟೆಂಬುದನ್ನು ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಲಕ್ಕಮ್ಮನ ಮಾತು ನಾಟಿದ್ದು ಇಬ್ಬರಿಗೂ ಒಪ್ಪಿತವಾದ ಒಂದು ಅಳತೆ ಮೊದಲೇ ಇದ್ದುದರಿಂದ. ಅಂಥ ಸಮಾನಭೂಮಿ ಇಲ್ಲದ ಕಡೆ ಏನು ಮಾಡಬೇಕು? ಅದೇ ಗ್ರಂಥದಲ್ಲಿ ಸೊನ್ನಲಿಗೆಯ ಪ್ರಸಂಗವಿದೆ. ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಕಟುನುಡಿಯಿಂದ ಕೂಗಿ ಕರೆಯುತ್ತಾನೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಸಿದ್ಧರಾಮನೂ ಕೋಪದಿಂದ ಬರುತ್ತಾನೆ. ಬಳಿಕವೇ ಸಂವಾದ ಮೊದಲಾಗುತ್ತದೆ. ಅಲ್ಲಿ ಪ್ರಭುವಿಗೆ ಮೊದಲು ನೆಲವನ್ನೇ ಅಗೆಯಬೇಕಾಗಿತ್ತು. ಆದರೆ ಆ ಕಟುನುಡಿ ನಮ್ಮಂಥವರ ಅನುಕರಣೆಗೆ ಒದಗುವುದಲ್ಲ. ಕಲ್ಲುಗಳ ಮಳೆಯಲ್ಲಿ ಕದಲದೆ ನಿಂತವನ ಬಾಯಿಂದ ಅದು ಚಿಕಿತ್ಸೆ. ಅಹಂಕಾರ ಅಳಿಯದವನ ಬಾಯಿಂದ ಅದೇ ನುಡಿ ಬೈಗುಳ. ಸಂಸಾರದಲ್ಲಿರುವ ನಮಗೆ ಅನುಕರಣೀಯಳಾದವಳು ಲಕ್ಕಮ್ಮನೇ.

ಇಷ್ಟನ್ನು ಬರೆಯಲು ಒಂದು ಕಾರಣವುಂಟು. ಇಂದು ವಚನಗಳನ್ನು ನಾವು ಸಂವಾದದಿಂದ ಕಿತ್ತು ಬಳಸುತ್ತಿದ್ದೇವೆ. ಕಾಯಕ ಕೈಲಾಸಗಳನ್ನು ಒಂದಾಗಿ ಕಾಣುವ ಆ ಪ್ರಸಿದ್ಧ ನುಡಿಯನ್ನು ಕಚೇರಿಯ ಗೋಡೆಗಳ ಮೇಲೆ ಬರೆಸುತ್ತೇವೆ. ಜನರು ಅದನ್ನು ಸಾಮಾನ್ಯವಾಗಿ ಬಸವಣ್ಣನವರದೆಂದು ತಿಳಿಯುತ್ತಾರೆ. ಅದು ಬರುವುದು ಇದೇ ಮಾರಯ್ಯನ ವಚನದಲ್ಲಿ. ಶೂನ್ಯಸಂಪಾದನೆಯಲ್ಲಿ ಆ ತತ್ತ್ವವನ್ನು ನುಡಿದವನು ಮರುಗಳಿಗೆಯೇ ಹೆಂಡತಿಯಿಂದ ಎಚ್ಚರಿಸಲ್ಪಟ್ಟನೆಂಬುದನ್ನು ಗೋಡೆ ಹೇಳುವುದಿಲ್ಲ. ಸಂವಾದದಿಂದ ಕಿತ್ತ ವಚನವು ಬಾಯಿ ಮುಚ್ಚಿಸುವ ಆಯುಧವಾಗಿಬಿಡುತ್ತದೆ.

ಆ ಆಯುಧವನ್ನು ಈ ಲೇಖಕನೂ ಹಿಡಿದವನೇ. ಶಾಲೆಯಲ್ಲಿ ಬಹುಕಾಲ ಚರ್ಚಾಸ್ಪರ್ಧೆಗಳಿಗೆ ಮಕ್ಕಳನ್ನು ಸಿದ್ಧಪಡಿಸುತ್ತ, ಎದುರು ಪಕ್ಷ ಉತ್ತರಿಸಲಾಗದಂತೆ ಕೊನೆಗೊಂದು ವಚನವನ್ನು ಎಸೆಯಿರೆಂದು ಕಲಿಸಿದೆನು. ಮನೆಯಲ್ಲಿ ಹೊಲದ ಪಾಲಿನ ಮಾತು ಬಂದಾಗ ತಮ್ಮನಿಗೂ ಹಾಗೆಯೇ ಆಸೆಯ ಮೇಲಿನ ಒಂದು ವಚನವನ್ನು ಹೇಳಿದೆನು. ಆತನು ಸುಮ್ಮನಾದನು. ಗೆದ್ದೆನೆಂದುಕೊಂಡೆನು. ಆದರೆ ಬದುವಿನ ಕಡೆಯ ಎರಡು ಗುಂಟೆ ನನ್ನ ಪಾಲಿನಲ್ಲಿಯೇ ಉಳಿದಿತ್ತು. ಆತನು ಹಬ್ಬಹುಣ್ಣಿಮೆಗಳಿಗೆ ಮನೆಗೆ ಬರುವುದು ನಿಂತಿತು. ನಿವೃತ್ತನಾದ ಬಳಿಕ ಲಕ್ಕಮ್ಮನ ವಚನಗಳನ್ನು ಮತ್ತೊಮ್ಮೆ ಓದುತ್ತಿರುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು: ಆಕೆ ಹಿಂದಿರುಗಿಸೆಂದ ಅಕ್ಕಿ ಆಕೆಯ ಊಟದ್ದೂ ಆಗಿತ್ತು. ತನ್ನ ಪಾಲನ್ನೂ ಕಳೆದುಕೊಳ್ಳಲು ಸಿದ್ಧಳಾಗಿ ಆಕೆ ಮಾತಾಡಿದಳು. ನಾನು ಎರಡು ಗುಂಟೆಯನ್ನು ಉಳಿಸಿಕೊಂಡು ಮಾತಾಡಿದೆನು. ಆಕೆಯ ಮಾತಿನ ಬಲವು ಪ್ರಶ್ನೆಯ ಕೌಶಲದಲ್ಲಿ ಅರ್ಧವಿದ್ದರೆ ಉಳಿದರ್ಧ ಇಲ್ಲಿದೆ. ಆ ಗುಂಟೆಗಳನ್ನು ಬಿಟ್ಟುಕೊಟ್ಟ ಮೇಲೆ ತಮ್ಮನೊಡನೆ ವಾದಿಸಬೇಕಾದ ವಿಷಯವೇ ಉಳಿಯಲಿಲ್ಲ.

ಮಾತು ಹೇಗಿರಬೇಕೆಂದು ಬೋಧಿಸಿದ ಬಸವಣ್ಣನವರು ಕೊನೆಗೆ ನುಡಿಯೊಳಗಾಗಿ ನಡೆಯಬೇಕೆಂಬ ನಿಯಮವನ್ನೂ ಇಟ್ಟಿದ್ದಾರೆ. ಒಪ್ಪಿಸುವ ಕಲೆಯನ್ನು ಕಲಿಯಬಯಸುವ ವಿದ್ಯಾರ್ಥಿಗಳು ಶೂನ್ಯಸಂಪಾದನೆಯ ಈ ಪುಟ್ಟ ಪ್ರಸಂಗವನ್ನು ಸಂವಾದವಾಗಿಯೇ ಓದಲಿ. ಭಕ್ತರು ಅದನ್ನು ತಮ್ಮ ಮನೆಯ ಅಕ್ಕಿಯ ಮುಂದೆ ಓದಲಿ. ಮಾರಯ್ಯನು ಮರುಮಾತಾಡದೆ ಅಕ್ಕಿಯನ್ನು ಹೊತ್ತು ಮಹಾಮನೆಯತ್ತ ತಿರುಗಿದನಲ್ಲ, ಅಂದು ಆ ಮನೆಯಲ್ಲಿ ಸೋತವರು ಯಾರೂ ಇರಲಿಲ್ಲ.