ನಡುವಿನ ಚಮಚ

ಥಾಯ್ ರೆಸ್ಟೋರೆಂಟ್‌ಗೆ ನಾಲ್ಕು ಜನ ಕನ್ನಡದವರು ಹೋದರೆ ಆರ್ಡರ್ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಒಬ್ಬರಿಗೆ ಪ್ಯಾಡ್ ಥಾಯ್, ಒಬ್ಬರಿಗೆ ತೋಫು ಹಾಕಿದ ಗ್ರೀನ್ ಕರಿ, ಇನ್ನೊಬ್ಬರಿಗೆ ಬೇಸಿಲ್ ಫ್ರೈಡ್ ರೈಸ್, ನಾಲ್ಕನೆಯವರಿಗೆ ಮತ್ತೆ ಪ್ಯಾಡ್ ಥಾಯ್, "ಆದ್ರೆ ಮೊಟ್ಟೆ ಬೇಡ". ಖಾರ ಎಷ್ಟು? ಎರಡು, ಮೂರು, ಮೂರು, ಐದು. ತಟ್ಟೆಗಳು ಬರುತ್ತವೆ, ಫೋಟೊ ಆಗುತ್ತೆ, ಅವರವರ ತಟ್ಟೆ ಅವರವರು ಖಾಲಿ ಮಾಡ್ತಾರೆ. ರುಚಿ ಕೆಟ್ಟಿರುತ್ತೆ ಅಂತ ಹೇಳ್ತಿಲ್ಲ. ಆದರೆ ನಾಲ್ಕು ಜನ ಒಂದೇ ಮೇಜಿಗೆ ಕೂತು ನಾಲ್ಕು ಒಂಟಿ ಊಟ ಮಾಡಿ ಎದ್ದ ಹಾಗಾಯ್ತು. ಸ್ನೇಹಿತರ ಜೊತೆ ಹೋದಾಗ ಇದು ದೊಡ್ಡ ನಷ್ಟ ಅಂತ ನನ್ನ ವಾದ.

ಥಾಯ್ ಮನೆಯ ಊಟ ಅನ್ನದಿಂದ ಶುರು. 'ಊಟ ಮಾಡು' ಅನ್ನೋದಕ್ಕೆ ಅವರು 'ಕಿನ್ ಖಾವ್' ಅಂತಾರೆ, ಅಕ್ಷರಶಃ 'ಅನ್ನ ತಿನ್ನು'. ಸಿಕ್ಕವರನ್ನೆಲ್ಲ ಊಟ ಆಯ್ತಾ ಅಂತ ಕೇಳೋ ಅಭ್ಯಾಸ ಅವರಿಗೂ ಇದೆ. ಅನ್ನದ ಜೊತೆ ಬರೋದೆಲ್ಲ 'ಕಪ್ ಖಾವ್', ಅನ್ನಕ್ಕೆ ಜೊತೆಯಾಗುವಂಥದ್ದು. ಸಾರಿನ ಹಾಗೆ ಒಂದು ತೋಮ್, ಹುಳಿ-ಖಾರದ ಒಂದು ಯಾಮ್, ಒಂದು ಕರಿ, ಬಾಣಲೆಯಲ್ಲಿ ಹುರಿದ ಒಂದು ತರಕಾರಿ. ನಮ್ಮ ಎಲೆಯ ಕೋಸಂಬರಿ, ಪಲ್ಯ, ಸಾರು, ಹುಳಿ ನೆನಪಾದರೆ ತಪ್ಪಿಲ್ಲ. ಲೆಕ್ಕ ಒಂದೇ: ಒಂದರ ಖಾರವನ್ನ ಇನ್ನೊಂದು ತಣಿಸಬೇಕು. ಬರೀ ಗ್ರೀನ್ ಕರಿಯನ್ನೇ ಒಂದು ಬಟ್ಟಲು ತಿಂದರೆ ಅರ್ಧಕ್ಕೇ ತೆಂಗಿನಹಾಲು ಮೊಗಚುತ್ತೆ. ಅದು ಆ ಪದಾರ್ಥದ ತಪ್ಪಲ್ಲ, ಅದನ್ನ ಹಾಗೆ ತಿನ್ನೋಕೆ ಮಾಡಿದ್ದೇ ಅಲ್ಲ.

ವ್ಯತ್ಯಾಸ ಇರೋದು ಬಡಿಸೋದರಲ್ಲಿ. ನಮ್ಮಲ್ಲಿ ಎಲೆ ಅವರವರದು, ಬಡಿಸುವವರು ಸೌಟು ಹಿಡಿದು ಸಾಲಿನುದ್ದಕ್ಕೂ ಬರ್ತಾರೆ. ಥಾಯ್ ಮೇಜಿನಲ್ಲಿ ಎಲ್ಲವೂ ಒಟ್ಟಿಗೇ ನಡುವೆ ಬಂದು ಕೂರುತ್ತೆ, ನಿಮ್ಮ ತಟ್ಟೆಯಲ್ಲಿ ಅನ್ನ ಮಾತ್ರ. ಪ್ರತಿ ಬಟ್ಟಲಿಗೂ ಒಂದು 'ಚೋನ್ ಕ್ಲಾಂಗ್' ಇರುತ್ತೆ. ಹಾಗಂದರೆ ನಡುವಿನ ಚಮಚ, ಎಲ್ಲರಿಗೂ ಸೇರಿದ್ದು. ಅದರಲ್ಲಿ ಒಂದೆರಡು ಚಮಚ ನಿಮ್ಮ ಅನ್ನಕ್ಕೆ ಹಾಕಿಕೊಂಡು, ತಿಂದು, ಆಮೇಲೆ ಮುಂದಿನ ಬಟ್ಟಲು. ಎಲ್ಲವನ್ನೂ ಒಮ್ಮೆಗೇ ಗುಡ್ಡೆ ಹಾಕಿಕೊಂಡರೆ ಆಸೆಬುರುಕ ಅಂದುಕೊಳ್ತಾರೆ. ತಿನ್ನೋದು ಬಲಗೈ ಚಮಚದಲ್ಲಿ. ಎಡಗೈ ಫೋರ್ಕ್ ಇರೋದು ಚಮಚಕ್ಕೆ ತಳ್ಳೋಕೆ. ಚಾಪ್‌ಸ್ಟಿಕ್ ನೂಡಲ್ಸ್‌ಗೆ ಮಾತ್ರ, ಅನ್ನಕ್ಕೆ ಅದನ್ನ ಕೇಳಿ ತರಿಸಿಕೊಳ್ಳೋ ನಮ್ಮ ಉತ್ಸಾಹ ಅವರಿಗೇ ವಿಚಿತ್ರ.

ನಾವು ಹಂಚಿ ತಿನ್ನೋಕೆ ಹಿಂಜರಿಯೋದಕ್ಕೆ ಕಾರಣ ಎಂಜಲು. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಈ ಪದ ಅಜ್ಜಿಯ ಬೈಗುಳದ ಜೊತೆಯಲ್ಲೇ ಪರಿಚಯ ಆಗಿರಬಹುದು: ಒಬ್ಬರ ಬಾಯಿ ತಾಗಿದ್ದು ಇನ್ನೊಬ್ಬರ ಊಟಕ್ಕೆ ತಾಗಬಾರದು. ಇದನ್ನ ಹಳೇ ಕಾಲದ ಗೊಡ್ಡು ಅಂತ ತಳ್ಳಿಹಾಕೋರ ಜೊತೆ ನಾನಿಲ್ಲ. ನಡುವಿನ ಚಮಚ ಕಾಯೋದೂ ಇದನ್ನೇ. ಬಡಿಸುವವರಿಲ್ಲದ ಸೌಟು ಅದು. ಹಾಗಾಗಿ "ನಂಗೆ ನಂದೇ ಪ್ಲೇಟ್ ಇರ್ಲಪ್ಪ" ಅನ್ನೋ ಗೆಳೆಯನ ಜೊತೆ ಜಗಳ ಬೇಡ, ಬಟ್ಟಲಿಗೊಂದು ಚಮಚ ಕೇಳಿ.

ರೆಸ್ಟೋರೆಂಟ್‌ಗಳ ಪಾಲೂ ಇದೆ. 2002ರ ಹೊತ್ತಿಗೆ ಥಾಯ್ ಸರ್ಕಾರವೇ 'ಗ್ಲೋಬಲ್ ಥಾಯ್' ಅನ್ನೋ ಯೋಜನೆ ಹಾಕಿ ಹೊರದೇಶಗಳಲ್ಲಿ ಥಾಯ್ ರೆಸ್ಟೋರೆಂಟ್ ಹೆಚ್ಚಿಸೋಕೆ ಹೊರಟಿತು. ಅಡುಗೆ ಜಗತ್ತಿಗೆಲ್ಲ ಹೋಯ್ತು, ಉಣ್ಣುವ ಕ್ರಮ ಹಿಂದೆ ಉಳೀತು. ಪ್ಯಾಡ್ ಥಾಯ್ ಅಲ್ಲಿಯೂ ಒಬ್ಬರ ತಟ್ಟೆಯ ತಿಂಡಿಯೇ. 1938ರಲ್ಲಿ ಪ್ರಧಾನಿಯಾದ ಫಿಬುನ್ ಕಾಲದಲ್ಲಿ ಸರ್ಕಾರ ನೂಡಲ್ಸ್ ಪ್ರಚಾರ ಮಾಡಿದ ಮೇಲೆ ಅದು ಮೆರೆದದ್ದು. ಒಬ್ಬರೇ ಹೋದಾಗ ಧಾರಾಳವಾಗಿ ತಿನ್ನಿ. ಆದರೆ ಮೆನುವಿನ ಕರಿ, ಸೂಪುಗಳನ್ನೂ ಅದೇ ಅಚ್ಚಿನಲ್ಲಿ ತಲೆಗೊಂದು ಅಂತ ಮಾರೋದು ನನಗೆ ಒಪ್ಪಿಗೆಯಿಲ್ಲ.

ಇನ್ನು ಆ ಖಾರದ ಅಂಕಿ. ಅಂಕಿಗಳ ಜೊತೆಯೇ ಬದುಕೋ ಕೆಲಸ ನನ್ನದು, ಆದರೂ ಇಷ್ಟು ಅರ್ಥವಿಲ್ಲದ ಅಳತೆಗೋಲು ಕಡಿಮೆ ನೋಡಿದ್ದೀನಿ. ಒಂದು ಅಂಗಡಿಯ ಮೂರು ಇನ್ನೊಂದರ ಐದು. ಅದೇ ಅಂಗಡಿಯಲ್ಲಿ ಅಡುಗೆಯವರು ಬದಲಾದರೆ ಮತ್ತೆ ಬೇರೆ. ಥಾಯ್ಲೆಂಡಿನ ನೂಡಲ್ಸ್ ಅಂಗಡಿಗಳಲ್ಲಿ ಇದಕ್ಕೆ ಸರಳ ಉಪಾಯ ಇದೆ: ಮೆಣಸಿನಪುಡಿ, ಸಕ್ಕರೆ, ಮೀನಿನ ಸಾಸ್, ಮೆಣಸಿನಕಾಯಿ ನೆನೆಸಿದ ವಿನೆಗರ್ ಇರೋ ಸಣ್ಣ ಡಬ್ಬಿಗಳು. ನೀವೂ ಮೇಜಿಗೆಲ್ಲ ಕಡಿಮೆ ಖಾರ ಹೇಳಿ, ಐದು ಬೇಕೆನ್ನುವ ಮಹಾಶಯರಿಗೆ ಮೆಣಸಿನಪುಡಿ ಪಕ್ಕದಲ್ಲಿ ತರಿಸಿ.

ಹಂಚಿಕೊಳ್ಳುವ ಮೇಜಿನ ವಿರುದ್ಧ ನಿಜವಾದ ಆಕ್ಷೇಪ ಒಂದಿದೆ, ಅದು ಸಸ್ಯಾಹಾರಿ ಸ್ನೇಹಿತರದು. ಮೂರು ಬಟ್ಟಲು ಸಿಗಡಿ-ಕೋಳಿ ಇರೋ ಕಡೆ ಅವರು ಒಂದು ತೋಫು ತಟ್ಟೆ ಇಟ್ಟುಕೊಂಡು ಮೂಲೆಯಲ್ಲಿ ಕೂರ್ತಾರೆ, ಕೊನೆಗೆ ಬಿಲ್ ಮಾತ್ರ ಸಮಪಾಲು. ಆ ತೋಫು ತಟ್ಟೆಯೂ ಸಸ್ಯಾಹಾರ ಅಂತ ನಂಬಬೇಡಿ. ಕರಿಯ ಮಸಾಲೆಗೆ ಸಾಮಾನ್ಯವಾಗಿ ಸಿಗಡಿಯಿಂದ ಮಾಡಿದ 'ಕಪಿ' ಬೀಳುತ್ತೆ, ಉಪ್ಪಿನ ಜಾಗದಲ್ಲಿ ಮೀನಿನ 'ನಾಮ್ ಪ್ಲಾ'. ಕೋಳಿ ತೆಗೆದು ತೋಫು ಹಾಕಿದರೆ ಇವೆರಡೂ ಹೋಗಲ್ಲ. ಕೇಳಬೇಕಾದ ಪದ 'ಜೇ'. ಮಾಂಸ, ಮೀನು, ಮೊಟ್ಟೆಯ ಜೊತೆ ಬೆಳ್ಳುಳ್ಳಿ, ಈರುಳ್ಳಿಯನ್ನೂ ಬಿಡೋ ಪದ್ಧತಿ ಅದು. ಫುಕೆಟ್‌ನಲ್ಲಿ ಪ್ರತಿ ವರ್ಷ ಇದರದ್ದೇ ದೊಡ್ಡ ಉತ್ಸವ ನಡೆಯುತ್ತೆ. ನಮ್ಮ ಮಡಿಯ ಅಡುಗೆ ಗೊತ್ತಿರೋರಿಗೆ ವಿವರಿಸೋದೇ ಬೇಡ.

ನನ್ನ ಸಲಹೆ ಆರ್ಡರನ್ನೇ ತಿರುಗಿಸೋದು. ಸೂಪು, ಕರಿ, ತರಕಾರಿ ಮೂರೂ ಎಲ್ಲರೂ ತಿನ್ನುವಂಥದ್ದಿರಲಿ. ಮಾಂಸದ್ದು ಒಂದೇ ಒಂದು, ಅದರ ಚಮಚ ಬೇರೆ, ಅದರ ದುಡ್ಡೂ ತಿಂದವರದೇ. ಕಪಿ ಇಲ್ಲದ ಕರಿ ಮಾಡೋಕಾಗಲ್ಲ ಅಂತ ಅಡುಗೆಮನೆ ಹೇಳಿದರೆ ಕರಿ ಬಿಟ್ಟು ಇನ್ನೊಂದು ತರಕಾರಿ ತಗೊಳ್ಳಿ. ಮಾಂಸ ತಿನ್ನೋರು ಒಂದು ಸಂಜೆ ಇಷ್ಟು ಬಿಟ್ಟುಕೊಟ್ಟರೆ ಯಾರೂ ಉಪವಾಸ ಬೀಳಲ್ಲ.

ಕೊನೆಗೆ ಮಾವಿನಹಣ್ಣು, ಅಂಟು ಅಕ್ಕಿಯ ಅನ್ನ. ನಾಲ್ವರಿಗೆ ಎರಡು ತಟ್ಟೆ ಸಾಕು. ತೆಂಗಿನಹಾಲಿಗೆ ಚಿಟಿಕೆ ಉಪ್ಪು ಬಿದ್ದಿದ್ದರೆ ಅಡುಗೆಯವರಿಗೆ ಕೆಲಸ ಗೊತ್ತು ಅಂತರ್ಥ. ಆದರೆ ಮೊದಲು ಮಾವು ಹೇಗಿದೆ ಅಂತ ಕೇಳಿ. ಡಿಸೆಂಬರ್‌ನಲ್ಲಿ ಇಲ್ಲಿ ಸಿಗೋ ಆ ನಾರು ನಾರು ಹುಳಿ ಮಾವಿಗೆ ದುಡ್ಡು ಕೊಡಬೇಡಿ.